ನಮ್ಮ ಮನೆಗೆ ನಾನೇ ತಪಾಸಣಾಧಿಕಾರಿ

ಒಂದು ವೆಬ್‌ಸೈಟ್ ತೆರೆದು ನೋಡುವುದು ಏನು ಮಹಾ ಎಂದುಕೊಂಡಿದ್ದೆ. ಹೈಸ್ಕೂಲು ಓದಿ, ನ್ಯಾಮತಿಯಲ್ಲಿ ಜೀವನವೆಲ್ಲ ಕಿರಾಣಿ ಅಂಗಡಿ ನಡೆಸಿದವನು ನಾನು. ಅಂಗೈಯಗಲದ ಫೋನು ನನ್ನನ್ನು ಏನು ಮಾಡೀತು?

ನನ್ನ ಹೆಂಡತಿ ಗಿರಿಜೆಯ ತಂಗಿಯ ಮೊಮ್ಮಗಳು ರೇಣುಕಾ, ಹೆತ್ತವರು ತೀರಿಕೊಂಡ ಮೇಲೆ ಬಿಳಿಚೋಡಿನಿಂದ ನಮ್ಮ ಮನೆಗೆ ಬಂದವಳು. ಈಗ ಹತ್ತನೇ ತರಗತಿ ಪಾಸಾಗಿದ್ದಳು. ಇಂಥ ಮಕ್ಕಳ ಓದಿಗೆಂದೇ ಒಂದು ವೆಬ್‌ಸೈಟ್ ಇದೆ, ಸಾಕಿದವರಿಗೂ ಅದರಲ್ಲಿ ಮಾಹಿತಿ ಇದೆ, ಮುಂದಿನದನ್ನು ನಿರ್ಧರಿಸುವ ಮುಂಚೆ ನೋಡಿ ಎಂದು ಅವಳ ಟೀಚರು ಹೇಳಿ ಕಳಿಸಿದ್ದರು. ನಿರ್ಧರಿಸಲು ಏನಿತ್ತು? ಅವಳು ಟೈಲರಿಂಗ್ ಕಲಿಯತಕ್ಕದ್ದೆಂದು ನಾನು ಆಗಲೇ ತೀರ್ಪು ಕೊಟ್ಟಾಗಿತ್ತು. ಆದರೂ ಟೀಚರ ಮಾತಿಗೆ ಬೆಲೆ ಕೊಟ್ಟು ತೆರೆದೆ.

ತೆರೆದ ಕೂಡಲೇ ‘ನೀವು ಯಾರು?’ ಎಂದು ಕೇಳಿತು. ವಿದ್ಯಾರ್ಥಿ, ಸಾಕು ಪೋಷಕರು, ಶಿಕ್ಷಕರು, ಅಧಿಕಾರಿ, ಯಾವುದಾದರೊಂದನ್ನು ಒತ್ತಬೇಕು.

ಪೋಷಕರು ಅನ್ನೋದನ್ನು ಒತ್ತಿ ಎಂದಳು ಗಿರಿಜೆ. ನಾನು ನಕ್ಕೆ. ಯಾವ ಕಚೇರಿಗೆ ಹೋದರೂ ಗುಮಾಸ್ತರನ್ನು ದಾಟಿ ನೇರ ಸಾಹೇಬರ ಕೋಣೆಗೆ ನುಗ್ಗುವುದು ನನ್ನ ಪದ್ಧತಿ. ‘ಅಧಿಕಾರಿ’ ಒತ್ತಿದೆ. ಒತ್ತಿದ ಕ್ಷಣಕ್ಕೆ ಬೆನ್ನು ತಾನಾಗಿಯೇ ನೆಟ್ಟಗಾಯಿತು!

ಅಲ್ಲಿದ್ದದ್ದು, ಸಾಕು ಮನೆಯ ತಪಾಸಣೆಗೆ ಹೋದಾಗ ಮಗುವನ್ನು ಕೇಳಬೇಕಾದ ಪ್ರಶ್ನೆಗಳು. ಮನೆಯವರು ಎದುರಿಗಿರಬಾರದಂತೆ. ನಮ್ಮ ಮನೆ ಫಸ್ಟ್ ಕ್ಲಾಸಿನಲ್ಲಿ ಪಾಸಾಗುವುದನ್ನು ಕಣ್ಣಾರೆ ನೋಡುವ ಆಸೆಯಾಯಿತು. ತಪಾಸಣೆಗೆ ಅಧಿಕಾರಿ ಬಂದಿದ್ದಾರೆಂದು ರೇಣುಕಾಳನ್ನು ಕೂಗಿ, ಗಿರಿಜೆಯನ್ನು ಹೊರಗೆ ಕಳಿಸಿದೆ.

"ಸಾಹೇಬ್ರಿಗೆ ಕಾಫಿ ನಾವು ಕೊಡ್ಬೇಕೋ, ಮನೆಯಿಂದ ತಂದಿರ್ತಾರೋ?" ಎಂದು ಮಂಡಿ ಹಿಡಿದುಕೊಂಡು ಎದ್ದುಹೋದಳು.

ರೇಣುಕಾ ಬಾಗಿಲಲ್ಲಿ ನಿಂತು, ನಗು ತಡೆದುಕೊಂಡು, "ಒಳಗೆ ಬರ್ಲಾ ಸಾರ್?" ಎಂದಳು.

ಊಟ ಚೆನ್ನಾಗಿದೆ ಎಂದಳು. ಯಾರೂ ಹೊಡೆಯುವುದಿಲ್ಲ ಎಂದಳು. ಓದಲು ಪ್ರತ್ಯೇಕ ಜಾಗ? ಅಂಗಡಿಯ ಹಳೇ ಡಬ್ಬಗಳ ಸಂದಿಯಲ್ಲಿ ಎಂದಳು. ಅಧಿಕಾರಿಗಳು ಅದನ್ನು ಪ್ರತ್ಯೇಕವೆಂದೇ ಪರಿಗಣಿಸಿದರು.

"ಮುಂದೆ ಏನು ಓದಬೇಕು ಅಂತ ಇದೀಯಮ್ಮ?"

"ಸೈನ್ಸ್ ತಗೊಂಡು ನರ್ಸಿಂಗ್ ಮಾಡಾಕೆ ಆಸೆ ಐತೆ ಸಾರ್."

ಈ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಅವಳ ಮುಖದಲ್ಲಿ ನಗು ಉಳಿದಿರಲಿಲ್ಲ.

"ಮನೇಲಿ ಹೇಳಿಲ್ವಾ?"

"ಅವ್ರು ಕೇಳಿಲ್ಲ ಸಾರ್. ಅಜ್ಜಿಗೆ ಮಂಡಿ ನೋವು, ಮನೆ ಕೆಲ್ಸಕ್ಕೆ ನಾನು ಬೇಕು, ಅದಕ್ಕೇ ಮನೇಲೇ ಇದ್ದು ಟೈಲರಿಂಗ್ ಕಲಿ ಅಂದಾರೆ. ಅನ್ನ ಹಾಕಿದವ್ರಿಗೆ ಆಗಲ್ಲ ಅಂತ ಹೆಂಗೆ ಹೇಳಾದು?"

ಮುಂದಿನ ಪ್ರಶ್ನೆ ಅಧಿಕಾರಿಗಳಿಗೆ ಕಾಣಲಿಲ್ಲ. ಫೋನು ಕೆಳಗಿಟ್ಟು, ಅಜ್ಜನಾಗಿ ಕೇಳಿದೆ: "ನಿಜ ಏನವ್ವ?"

ಅವಳು ಬೆಚ್ಚಿಬಿದ್ದಳು. "ಇಲ್ಲಜ್ಜ, ತಮಾಷೆಗೆ ಅಂದೆ. ನೀವು ಹೇಳಿದ್ದೇ ಆಗ್ಲಿ."

ಸಾಹೇಬನಿಗೆ ಸಿಕ್ಕ ಸತ್ಯ ಅಜ್ಜನಿಗೆ ಸಿಗಲಿಲ್ಲ. ಅವಳು ಹೋದ ಮೇಲೆ ‘ಸಾಕು ಪೋಷಕರು’ ಒತ್ತಿದೆ. ಮೊದಲ ಸಾಲೇ, ‘ಮಗುವಿನ ಇಷ್ಟವನ್ನು ಕೇಳಿದ್ದೀರಾ?’ ಅನ್ನ, ಬಟ್ಟೆ, ಉಪದೇಶ ಎಲ್ಲ ಕೊಟ್ಟಿದ್ದೆ. ಕೇಳುವುದೊಂದು ಬಾಕಿ ಇತ್ತು.

ಮರುದಿನ ಕಾಲೇಜಿಗೆ ಹೋಗಿ ಸೈನ್ಸಿಗೆ ಅರ್ಜಿ ಹಾಕಿ ಬಂದೆ. ಮನೆಯ ಪಾತ್ರೆ ಈಗ ನಾನೇ ತೊಳೆಯುತ್ತೇನೆ; ಜಿಡ್ಡು ಹಾಗೇ ಇದೆ ಎಂಬುದು ಗಿರಿಜೆಯ ದೂರು. ಸುದ್ದಿ ತಿಳಿಸಿದಾಗ ರೇಣುಕಾ ಕಣ್ಣೊರೆಸಿಕೊಂಡು "ಥ್ಯಾಂಕ್ಸ್ ಸಾರ್" ಎಂದಳು. ಆ ಸಾಹೇಬರು ಬಹಳ ಒಳ್ಳೆಯವರು ಎಂದು ಗಿರಿಜೆಯ ಹತ್ತಿರವೂ ಹೇಳಿದಳಂತೆ.

ಮನೆಯ ಮುದುಕನ ವಿಷಯ ಏನೂ ಹೇಳಲಿಲ್ಲವಂತೆ.