ಆಯ್ತಪ್ಪ ಎಬ್ಬಿಸಿದ ಯಂತ್ರ

ಆಯ್ತಪ್ಪ ಅನ್ನುವುದು ಅವನ ನಿಜವಾದ ಹೆಸರಲ್ಲ. ಯಾರು ಏನು ಹೇಳಿದರೂ "ಆಯ್ತು ಸಾರ್" ಅನ್ನುವ ಚಾಳಿಗೆ ಕಾಲೇಜಿನವರು ಕಟ್ಟಿದ ಹೆಸರು. ಆ ಬೆಳಿಗ್ಗೆ ರಸಾಯನಶಾಸ್ತ್ರದ ಮುಖ್ಯಸ್ಥರು ಮೆಟ್ಟಿಲಿಳಿಯುತ್ತಾ ಏನೋ ಅಂದಾಗಲೂ ಅರ್ಧ ಕೇಳಿಸಿಕೊಂಡು, ಪೂರ್ತಿ ಆಕಳಿಸಿ, "ಆಯ್ತು ಸಾರ್" ಅಂದುಬಿಟ್ಟ. ಆಮೇಲೆ ಕೇಳಿದ, "ಏನು ಸಾರ್?"

"ಲ್ಯಾಬ್ ಮೂಲೇಲಿರೋ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಕಣಯ್ಯಾ. ಸಂಜೆ ತಪಾಸಣೆಗೆ ಬರ್ತಾರೆ, ಅಷ್ಟರಲ್ಲಿ ಅದು ಓಡ್ತಿರಬೇಕು. ಓಡಿದ್ರೆ, ನಿನ್ನ ಕೆಲಸ ಖಾಯಂ ಮಾಡಿ ಅಂತ ಅವರ ಮುಂದೇನೇ ಕೇಳ್ತೀನಿ. ಓಡ್ಲಿಲ್ಲ ಅಂದ್ರೆ... ನೋಡೋಣ."

ಆ "ನೋಡೋಣ" ಏನೆಂದು ಆಯ್ತಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಆ ಲ್ಯಾಬಿಗೆ ಹಂಗಾಮಿಯಾಗಿ ಸೇರಿ, ಹಂಗಾಮಿಯಾಗಿಯೇ ಮದುವೆಯಾಗಿ, ಹಂಗಾಮಿಯಾಗಿಯೇ ತಲೆಗೂದಲು ಉದುರಿಸಿಕೊಂಡವನು ಅವನು.

ಯಂತ್ರದ ಕೆಲಸವೇನೋ ಸರಳ. ಸೂಜಿಯಿಂದ ಒಂದು ಹನಿ ದ್ರವ ಚುಚ್ಚಿದರೆ ಅದು ಬಿಸಿಗೆ ಆವಿಯಾಗಿ, ಸುರುಳಿ ಸುತ್ತಿದ ಕೊಳವೆಯಲ್ಲಿ ಸಾಗಿ, ತುದಿಯಲ್ಲಿರುವ ಪುಟ್ಟ ಜ್ವಾಲೆಯಲ್ಲಿ ಉರಿಯಬೇಕು. ಆಗ ಪರದೆಯ ಮೇಲಿನ ಗೆರೆ ಗುಡ್ಡದ ಹಾಗೆ ಏಳಬೇಕು. ಆದರೆ ಆ ಗೆರೆ ಎದ್ದದ್ದನ್ನು ಕಂಡವರೆಲ್ಲ ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು.

ಆಯ್ತಪ್ಪ ಹೊದಿಕೆ ಎಳೆದ. ಎದ್ದ ಧೂಳಿಗೆ ಸೀನಿ ಸೀನಿ ಮೂಗು ಪೂರ್ತಿ ಕಟ್ಟಿಹೋಯಿತು. ಒಳಗೆ ಹಲ್ಲಿಯೊಂದು ಸಂಸಾರ ಹೂಡಿತ್ತು. ಸೂಜಿ ಚುಚ್ಚುವ ಕಡೆಯ ರಬ್ಬರ್ ಬಿಲ್ಲೆ ಒಣಗಿ ಕಲ್ಲಾಗಿತ್ತು. ಹಲ್ಲಿಯನ್ನು ಓಡಿಸಿ, ಹೊಸ ಬಿಲ್ಲೆ ಹಾಕಿ, ಗ್ಯಾಸ್ ಸಿಲಿಂಡರಿನ ತಿರುಪು ತಿರುಗಿಸುವಷ್ಟರಲ್ಲಿ ಇಡೀ ಕಾಲೇಜಿಗೆ ಸುದ್ದಿ ಮುಟ್ಟಿತ್ತು.

ಭೌತಶಾಸ್ತ್ರದ ಮೇಷ್ಟ್ರು ಮೊದಲು ಬಂದರು. "ಸೋಪಿನ ನೊರೆ ಹಚ್ಚಯ್ಯಾ, ಎಲ್ಲಿ ಸೋರ್ತಿದೆ ಅಂತ ಗೊತ್ತಾಗುತ್ತೆ." ಹಚ್ಚಿದರೆ ಯಂತ್ರದ ಮೈತುಂಬ ಗುಳ್ಳೆ. ಒಂದೊಂದು ನಟ್ಟು ಬಿಗಿ ಮಾಡಿದಾಗಲೂ ಪಕ್ಕದ್ದು ಸೋರತೊಡಗುತ್ತಿತ್ತು.

ಟೈಪಿಸ್ಟ್ ಅಕ್ಕ ಬಂದವಳೇ ಬಾಗಿಲಿಗೆ ಒರಗಿದಳು. "ಎರಡು ಬಾರಿಸೋ ಅದಕ್ಕೆ. ನಮ್ಮನೆ ಟಿವಿ ಹಂಗೇ ದಾರಿಗೆ ಬರೋದು."

"ಇದು ಟಿವಿ ಅಲ್ಲ ಅಕ್ಕಾ."

"ನೀನು ಬಾರಿಸಿ ನೋಡಿದ್ಯಾ?"

ಜ್ವಾಲೆಯದು ಇನ್ನೊಂದು ಗೋಳು. 'ಟಪ್' ಎಂದು ಹೊತ್ತಿಕೊಳ್ಳುತ್ತಿತ್ತು, ಕೆಲಸ ಹೇಳಿದ ಕೂಡಲೇ ಕಾಣೆಯಾಗುವ ಮಕ್ಕಳ ಹಾಗೆ ಮಾಯವಾಗುತ್ತಿತ್ತು. ಊಟ ಬಿಟ್ಟು, ಬೆರಳು ಸುಟ್ಟುಕೊಂಡು ಮತ್ತೆ ಮತ್ತೆ ಹೊತ್ತಿಸಿದ. ಕೊನೆಗೊಮ್ಮೆ ತಣ್ಣನೆಯ ಸ್ಪ್ಯಾನರನ್ನು ಮೇಲೆ ಹಿಡಿದಾಗ ಅದಕ್ಕೆ ಆವಿ ಕಟ್ಟಿತು. ಕಣ್ಣಿಗೆ ಕಾಣದ ಆ ಜ್ವಾಲೆ ಆರದೆ ಉರಿಯುತ್ತಿದೆ!

ಆಯ್ತಪ್ಪ ಬೀರು ತೆಗೆದು 'ಶುದ್ಧ ಆಲ್ಕೋಹಾಲ್' ಎಂಬ ಚೀಟಿ ಅಂಟಿಸಿದ್ದ ಬಾಟಲಿ ತಂದ. ಸೂಜಿಯಲ್ಲಿ ಒಂದು ಹನಿ ಎಳೆದು ಚುಚ್ಚಿದ. ಎಲ್ಲರೂ ಪರದೆಯತ್ತ ಬಗ್ಗಿದರು.

ಗೆರೆ ನೆಟ್ಟಗೆ ಹೋಯಿತು. ಡಾಕ್ಟರು ತಲೆಯಾಡಿಸಿ ಹೊರಗೆ ಹೋದ ಮೇಲೆ ಆಸ್ಪತ್ರೆಯ ಪರದೆಯಲ್ಲಿ ಉಳಿಯುತ್ತದಲ್ಲ, ಹಾಗೆ.

ಇನ್ನೊಂದು ಹನಿ ಚುಚ್ಚಿದ. ನೆಟ್ಟಗೆ. ಕೊಳವೆ ಬಿಚ್ಚಿ, ಎರಡೂ ತುದಿ ಕತ್ತರಿಸಿ, ಮತ್ತೆ ಜೋಡಿಸಿ ಚುಚ್ಚಿದ. ನೆಟ್ಟಗೆ. ಯಾರೂ ನೋಡದಿದ್ದಾಗ ಎರಡು ಬಾರಿಸಿಯೂ ನೋಡಿದ. ಅವನ ಕೈ ನೋಯಿತೇ ಹೊರತು ಗೆರೆ ಅಲುಗಲಿಲ್ಲ.

"ಹೋಗ್ಲಿ ಬಿಡಯ್ಯಾ," ಅಂದರು ಭೌತಶಾಸ್ತ್ರದವರು, ಸಾವಿನ ಮನೆಗೆ ಬಂದವರ ದನಿಯಲ್ಲಿ. "ನಿನ್ನ ಕೈಲಾದ್ದು ಮಾಡಿದ್ಯಲ್ಲ."

ಆಯ್ತಪ್ಪ ನೆಲದ ಮೇಲೆ ಕುಸಿದು ಯಂತ್ರಕ್ಕೆ ತಲೆ ಆನಿಸಿದ. ಅಳು ಬಂತು. ಮೂಗು ಕಟ್ಟಿದ್ದರಿಂದ ಅದೂ ಸರಿಯಾಗಿ ಬರಲಿಲ್ಲ.

ಅಷ್ಟರಲ್ಲಿ ಮುಖ್ಯಸ್ಥರು ತಪಾಸಣೆಯ ಮೇಡಮ್ಮನವರನ್ನು ಕರೆತಂದೇಬಿಟ್ಟರು. "ಏನಯ್ಯಾ, ಓಡ್ತಿದೆಯಾ?"

"ಓಡ್ತಿದೆ ಸಾರ್. ಆದ್ರೆ ಎಷ್ಟು ಆಲ್ಕೋಹಾಲ್ ಚುಚ್ಚಿದ್ರೂ ಏನೂ ಹೇಳ್ತಿಲ್ಲ."

ಟೈಪಿಸ್ಟ್ ಅಕ್ಕನಿಗೆ ಅಯ್ಯೋ ಅನ್ನಿಸಿತು. ಕೈಚೀಲದಿಂದ ಪುಟ್ಟ ಶೀಶೆ ತೆಗೆದಳು. "ಉಗುರಿನ ಬಣ್ಣ ತೆಗೆಯೋದು ಕಣೋ. ಘಾಟು ಜಾಸ್ತಿ. ಇದನ್ನಾದ್ರೂ ಹಾಕಿ ನೋಡು."

ಮುಳುಗುವವನಿಗೆ ಹುಲ್ಲುಕಡ್ಡಿ. ಆಯ್ತಪ್ಪ ಸೂಜಿ ಒರೆಸಿ, ಒಂದು ಹನಿ ಎಳೆದು, ಕಣ್ಣು ಮುಚ್ಚಿ ಚುಚ್ಚಿದ.

"ಎದ್ದಿತು!" ಎಂದು ಭೌತಶಾಸ್ತ್ರದವರು ಕೂಗಿದರು. ಕಣ್ಣು ಬಿಟ್ಟರೆ ಗೆರೆ ಪರದೆಯ ನೆತ್ತಿಗೇ ಏರಿ, ಚೂಪಾದ ಶಿಖರವಾಗಿ, ಅಂದವಾಗಿ ಇಳಿಯುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಖ್ಯಸ್ಥರು ಅವನ ಭುಜದ ಮೇಲೆ ಕೈಯಿಟ್ಟರು. "ಮೇಡಂ, ಈ ಹುಡುಗನ ಕೆಲಸ ಖಾಯಂ ಮಾಡೋ ವಿಷಯ..."

"ಖಂಡಿತ," ಅಂದರು ಮೇಡಂ. "ಯಂತ್ರ ಚೆನ್ನಾಗಿದೆ. ಹಾಗಾದ್ರೆ ಆಲ್ಕೋಹಾಲಿಗೆ ಯಾಕೆ ಗೆರೆ ಏಳ್ಲಿಲ್ಲ? ಈ ಜಾತಿ ಯಂತ್ರಕ್ಕೆ ಕಾಣಿಸ್ದೇ ಇರೋದು ಅಂದ್ರೆ, ಉರೀದೇ ಇರೋದು..." ಬಾಟಲಿಯ ಮುಚ್ಚಳ ತೆಗೆದು ಮೂಸಿದರು. ಅಂಗೈಗೆ ಸುರಿದುಕೊಂಡರು. "ನೀರು."

ಬೀರುವಿನಲ್ಲಿದ್ದ ಉಳಿದ ಬಾಟಲಿಗಳನ್ನೂ ಒಂದೊಂದಾಗಿ ತೆಗೆದು ಮೂಸಿದರು. ನೀರು. ನೀರು. ಎಲ್ಲವೂ ನೀರು.

ಭೌತಶಾಸ್ತ್ರದವರಿಗೆ ತಟ್ಟನೆ ಕ್ಲಾಸು ನೆನಪಾಯಿತು. ಟೈಪಿಸ್ಟ್ ಅಕ್ಕ ಶೀಶೆ ಕಿತ್ತುಕೊಂಡು ಹೊರಟಳು.

"ಬೀರುವಿನ ಬೀಗದ ಕೈ ಯಾರ ಹತ್ರ ಇರುತ್ತೆ?"

"ಇವನ ಹತ್ರಾನೇ ಮೇಡಂ," ಅಂದರು ಮುಖ್ಯಸ್ಥರು, ಛಾವಣಿ ನೋಡುತ್ತಾ. "ಇವನೊಬ್ಬನ ಹತ್ರ."

ಶನಿವಾರ ಬಂತೆಂದರೆ "ಸಾಮಾನು ಎಣಿಸ್ಬೇಕು, ಬೀಗದ ಕೈ ಕೊಟ್ಟು ಹೋಗಯ್ಯಾ" ಎಂದು ಇಸಿದುಕೊಳ್ಳುತ್ತಿದ್ದವರು ಯಾರೆಂದು ಹೇಳಲು ಆಯ್ತಪ್ಪ ಬಾಯಿ ತೆರೆದ. ಮುಖ್ಯಸ್ಥರ ಕೈ ಇನ್ನೂ ಅವನ ಭುಜದ ಮೇಲೇ ಇತ್ತು. ಈಗ ಅದು ಮೆಲ್ಲಗೆ ಒತ್ತಿತು. ಆಯ್ತಪ್ಪ ಬಾಯಿ ಮುಚ್ಚಿದ.

"ವಿಚಾರಣೆ ಮುಗಿಯೋವರೆಗೂ ಇವರು ಮನೇಲಿರ್ಲಿ," ಅಂದರು ಮೇಡಂ.

ಗೇಟು ದಾಟುವಾಗ ಹೆಂಡತಿಯ ಫೋನು ಬಂತು. "ಎಷ್ಟೊತ್ತಿಗೆ ಬರ್ತೀರಾ?"

"ಹೊರಟೆ ಕಣೇ. ನಾಳೆಯಿಂದ ಮನೇಲೇ ಇರ್ತೀನಿ."

"ಮನೇಲಾ? ಎಷ್ಟು ದಿನ?"

"ಸದ್ಯಕ್ಕೆ ಹಂಗಾಮಿ," ಅಂದ ಆಯ್ತಪ್ಪ. "ಆಮೇಲೆ ಖಾಯಂ ಮಾಡ್ತಾರೆ ಅನ್ಸುತ್ತೆ."