ಪ್ರಧಾನಿಯ ಮೇಕೆ

ಈ ವರ್ಷ ತಮ್ಮ ಐದನೇ ತರಗತಿಯ ಮಕ್ಕಳಿಗೆ ಇಡೀ ಜಗತ್ತನ್ನೇ ಅರೆದು ಕುಡಿಸುವುದೆಂದು ಟೀಚರಮ್ಮ ಪಣ ತೊಟ್ಟರು! ಚೀಟಿ ಎತ್ತಿಸಿ ಒಬ್ಬೊಬ್ಬರಿಗೆ ಒಂದೊಂದು ದೇಶ ದಾನ ಮಾಡಿದ್ದೂ ಆಯಿತು. ದಿನಾ ಬೆಳಗ್ಗೆ ಅವರವರ ದೇಶದ ಸುದ್ದಿಯನ್ನು ಅವರವರೇ ಓದಬೇಕು.

ಚುನಾವಣೆ, ಪ್ರವಾಹ, ಮುಷ್ಕರ ಸಿಕ್ಕ ಮಕ್ಕಳು ಎದೆಯುಬ್ಬಿಸಿ ಓದಿದರು. ಹಿಂದಿನ ಬೆಂಚಿನ ಎರಡು ಜಡೆಯ ಹುಡುಗಿಗೆ ಮಾತ್ರ ಸಮುದ್ರದ ನಡುವಿನ ಪುಟಾಣಿ ದ್ವೀಪವೊಂದು ಬಂದಿತ್ತು. ಅಲ್ಲಿ ಏನೆಂದರೆ ಏನೂ ಆಗುತ್ತಿರಲಿಲ್ಲ. "ಇವತ್ತೂ ಏನಿಲ್ಲ ಮಿಸ್" ಎಂದು ಅವಳು ಕೂತಾಗಲೆಲ್ಲ ತರಗತಿ ಕಿಸಕ್ಕನೆ ನಗುತ್ತಿತ್ತು. ಟೀಚರಮ್ಮನ ಕರುಳು ಚುರುಕ್ಕೆನ್ನುತ್ತಿತ್ತು.

ಮನೆಯಲ್ಲಿ ಹಾಲು ಕಾಯಲಿಟ್ಟು ಮೊಬೈಲು ತಡಕಿದ್ದೇ ತಡಕಿದ್ದು. ಹಾಲು ಉಕ್ಕಿತೇ ಹೊರತು ಸುದ್ದಿ ಹುಟ್ಟಲಿಲ್ಲ.

"ಒಂದು ಸಣ್ಣ ಭೂಕಂಪನಾದ್ರೂ ಆಗ್ಬಾರ್ದಾ ರೀ!"

"ಅಲ್ಲ ಕಣೇ, ಒಂದು ಮಗು ಎದ್ದು ನಿಲ್ಲೋಕೆ ಇಡೀ ದೇಶಾನೇ ಮಲಗಿಸ್ತೀಯಾ?" ಎಂದರು ಒಲೆ ಒರೆಸುತ್ತಿದ್ದ ಯಜಮಾನರು.

ಮರುದಿನ ಟೀಚರಮ್ಮ ಯಾರಿಗೂ ಕಾಣದಂತೆ ಹುಡುಗಿಯ ಕೈಗೊಂದು ಕಾಗದ ತುರುಕಿದರು. ಅವಳು ಓದಿದಳು: "ಪ್ರಧಾನಿಯವರ ಮುದ್ದಿನ ಮೇಕೆ ಕಾಣೆ!"

ಅಷ್ಟೇ! ಚುನಾವಣೆ, ಪ್ರವಾಹಗಳೆಲ್ಲ ಮೂಲೆಗುಂಪಾದವು. ಬೆಳಗಾದರೆ "ಮೇಕೆ ಸಿಕ್ತಾ?" ಎಂಬ ಗದ್ದಲ. ವಿಧಿಯಿಲ್ಲದೆ ಟೀಚರಮ್ಮ ದಿನಕ್ಕೊಂದು ಕಾಗದ ಬರೆದರು. ಮೇಕೆಯನ್ನು ಬಂದರಿಗೆ ಓಡಿಸಿದರು, ಹಡಗು ಹತ್ತಿಸಿದರು, ಕಪ್ತಾನನ ಟೋಪಿ ಮೇಯಿಸಿದರು. ಅಪ್ಪ ಅಮ್ಮಂದಿರೂ ಗೇಟಿನಲ್ಲಿ ತಡೆದು ಮೇಕೆಯ ಕ್ಷೇಮ ಕೇಳತೊಡಗಿದರು.

"ಬೇಗ ಅದನ್ನ ಮನೆ ಮುಟ್ಟಿಸು. ಇಲ್ಲಾಂದ್ರೆ ನಿನ್ನ ಕೆಲಸಾನೂ ಮೇದುಬಿಡುತ್ತೆ!" ಎಂದರು ಯಜಮಾನರು.

ಮುಟ್ಟಿಸುವ ಮೊದಲೇ ಮುಖ್ಯೋಪಾಧ್ಯಾಯಿನಿ ತರಗತಿಗೆ ಬಂದರು. "ಈ ಮೇಕೆ ಸುದ್ದಿ ಯಾವ ಪತ್ರಿಕೇಲಿ ಬಂತು?"

ಟೀಚರಮ್ಮ ಕೈಯಲ್ಲಿದ್ದ ಡಸ್ಟರನ್ನೇ ಮೇಜಿನ ಮೇಲೆ ಹುಡುಕತೊಡಗಿದರು. ಹಿಂದಿನ ಬೆಂಚಿನಿಂದ ಹುಡುಗಿ ಎದ್ದಳು. "ಎಲ್ಲೂ ಬಂದಿಲ್ಲ ಮೇಡಂ. ನಾನೇ ಕಟ್ಟಿದ್ದು."

ಮಗುವಿನ ತಲೆಗೆ ತಪ್ಪು ಕಟ್ಟಿ ನಿಲ್ಲಲು ಟೀಚರಮ್ಮನಿಗೆ ಮನಸ್ಸಾಗಲಿಲ್ಲ. "ಅಲ್ಲ ಮೇಡಂ, ಕಟ್ಟಿದವಳು ನಾನು!"

ಮುಖ್ಯೋಪಾಧ್ಯಾಯಿನಿ ಕನ್ನಡಕದ ಮೇಲಿಂದ ನೋಡಿದರು. "ನಾಳೆಯಿಂದ ಸುದ್ದಿ ತರೋದು ಮಕ್ಕಳು. ನೀವು ಬರೀ ಕೇಳಿಸ್ಕೊಳ್ಳಿ."

ಗಂಟೆ ಹೊಡೆದ ಮೇಲೆ ಟೀಚರಮ್ಮ ಹುಡುಗಿಯನ್ನು ಹತ್ತಿರ ಕರೆದರು. "ಸುಳ್ಳು ಅಂತ ನಿಂಗೆ ಯಾವಾಗ ಗೊತ್ತಾಯ್ತು ಪುಟ್ಟಿ?"

"ಮೊದಲ ದಿನಾನೇ ಮಿಸ್. ಆ ದ್ವೀಪದಲ್ಲಿ ಮೇಕೆಗಳೇ ಇಲ್ಲ."

"ಮತ್ತೆ ದಿನಾ ಯಾಕೆ ಓದ್ದೆ?"

"ಸುದ್ದಿ ಇಲ್ಲ ಅಂದಾಗೆಲ್ಲ ನಿಮ್ಮ ಮುಖ ಸಪ್ಪಗಾಗ್ತಿತ್ತು. ಪಾಪ ಅನ್ನಿಸ್ತು ಮಿಸ್!"