ಭಾವನ ಅಂಗಿ ಹಿಡಿಯುವ ಕೆಲಸ

ನಮ್ಮ ಭಾವನಿಗೆ ಕಿವಿ ಕೇಳುತ್ತದೆ, ಕಣ್ಣು ಕಾಣುವುದಿಲ್ಲ. ಕೂಡಲೇ ಒಳ್ಳೆಯ ಕಣ್ಣಿನ ಡಾಕ್ಟರ ಹೆಸರು ಹೇಳಲು ಹೊರಡಬೇಡಿ. ಅವರ ಕಣ್ಣಿಗೆ ಯಾವ ದೋಷವೂ ಇಲ್ಲ. ಎಲ್ಲಾದರೂ ಹಾಡೋ ವಾದ್ಯವೋ ಕೇಳಿಸಿದರೆ ಮಾತ್ರ ಆ ದಿಕ್ಕಿನಲ್ಲಿ ಏನಿದೆಯೆಂದು ಅವರಿಗೆ ಕಾಣುತ್ತದೆ. ಸದ್ದು ಮಾಡದ ವಸ್ತುಗಳು, ಉದಾಹರಣೆಗೆ ಮೆಟ್ಟಿಲು, ಗಟಾರ, ಖಾಲಿಯಾದ ಅಕ್ಕಿ ಡಬ್ಬಿ, ಹೆಂಡತಿಯ ತಮ್ಮ, ಇವು ಯಾವುವೂ ಕಾಣುವುದಿಲ್ಲ. ಆ ಹೆಂಡತಿಯ ತಮ್ಮ ನಾನೇ. ಅವರ ಹಿಂದೆ ಬ್ಯಾಗು ಹೊತ್ತು ತಿರುಗಿ ತಿರುಗಿ ನನ್ನ ಎಡ ಭುಜ ಬಲ ಭುಜಕ್ಕಿಂತ ಕೆಳಗಿಳಿದಿದೆ. ಸಾಕಪ್ಪಾ ಸಾಕು ಅನ್ನಿಸಿ ಎಷ್ಟೋ ಕಾಲವಾಯಿತು.

ಭಾವ ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಅದು ಹೊಟ್ಟೆಪಾಡು. ಉಳಿದ ಹೊತ್ತೆಲ್ಲ ಹಾಡುವವರ, ಬಾರಿಸುವವರ ಫೋಟೋ ತೆಗೆಯುವುದು. ಅದರಲ್ಲೂ ರಾಕ್ ಸಂಗೀತವೆಂದರೆ ಪ್ರಾಣ. ಪಕ್ಕದಲ್ಲೇ ಗೋವಾ ಇರುವುದು ನಮ್ಮ ಕುಟುಂಬದ ಗ್ರಹಚಾರ. ಮಡಗಾಂವಿನಲ್ಲಿ ಯಾರೋ ಉದ್ದ ಕೂದಲಿನ ಹುಡುಗರು ಗಿಟಾರಿಗೆ ತಂತಿ ಬಿಗಿದರೆ ಸಾಕು, ಕಾರವಾರದಲ್ಲಿ ಇವರು ಕ್ಯಾಮರಾಕ್ಕೆ ರೋಲು ಹಾಕುತ್ತಿದ್ದರು. ಇಂಗ್ಲಿಷ್ ಹಾಡಿನ ಒಂದು ಸಾಲೂ ಅವರಿಗೆ ತಿಳಿಯುತ್ತಿರಲಿಲ್ಲ. ಅರ್ಥವಾಗದ ಮೇಲೆ ಕೇಳುವುದು ಏನನ್ನು ಎಂದು ಒಮ್ಮೆ ನಾನೇ ಕೇಳಿಬಿಟ್ಟೆ.

"ಯಕ್ಷಗಾನದ ಭಾಗವತರು ಏರುದನಿಯಲ್ಲಿ ಪದ ಹೇಳುವಾಗ ನಿಂಗೆ ಎಲ್ಲಾ ಅರ್ಥ ಆಗ್ತದನಾ?" ಅಂದರು. "ಆದ್ರೂ ಚಂಡೆ ಬಿದ್ದ ಕೂಡ್ಲೆ ಎದ್ದು ಕೂತ್ಕೊಳ್ತಿ ಅಲ್ದಾ?"

ಅವರ ಮಾತು ಹೇಗೋ ಸರಿಯಾಗಿಯೇ ಇರುತ್ತದೆ, ಅದೇ ನನ್ನ ದೊಡ್ಡ ಕಷ್ಟ.

ಅವರದೊಂದು ನಿಯಮವಿತ್ತು. ಕ್ಯಾಮರಾ ನೋಡಿ ನಗುವವರ ಫೋಟೋ ಅವರು ತೆಗೆಯುವುದಿಲ್ಲ. ಪೋಸು ಕೊಟ್ಟರೆ ಮುಖ ಬರುತ್ತದೆ, ಮನುಷ್ಯ ಬರುವುದಿಲ್ಲ ಎನ್ನುತ್ತಿದ್ದರು. ಮನುಷ್ಯ ಮೈಮರೆಯಬೇಕು, ಆಗ ಒತ್ತಬೇಕು. ಮೈಮರೆಯುವವರು ಯಾರು? ಹಾಡುವವರು, ಬಾರಿಸುವವರು. ಉಳಿದ ನಾವೆಲ್ಲ ಸದಾ ಎಚ್ಚರವಿರುವ ಪಾಪಿಗಳು!

ಭಾವಿಕೇರಿಯಲ್ಲೊಮ್ಮೆ ಭಜನೆ ನಡೆದಿತ್ತು. ಹಾರ್ಮೋನಿಯಂ ನುಡಿಸುವವರ ಮುಖವನ್ನು ಕೆಳಗಿನಿಂದ ಹಿಡಿಯಬೇಕೆಂದು ಭಾವ ಅವರೆದುರು ನೆಲದ ಮೇಲೆ ಅಂಗಾತ ಮಲಗಿಬಿಟ್ಟರು. ಒಂದು ಕಣ್ಣು ಮುಚ್ಚಿ, ಬಾಯಿ ಸೊಟ್ಟ ಮಾಡಿ, ಉಸಿರು ಬಿಗಿಹಿಡಿದು ಮಲಗಿದ ಗಂಡಸನ್ನು ನೋಡಿದರೆ ಜನ ಏನೆಂದುಕೊಳ್ಳಬೇಕು? ಅಜ್ಜಿಯೊಬ್ಬಳು ಓಡಿ ಹೋಗಿ ತೀರ್ಥದ ತಂಬಿಗೆ ತಂದು ಮುಖದ ಮೇಲೆ ಸುರಿದಳು. ಇನ್ನೊಬ್ಬರು ಅಪಸ್ಮಾರವೇ ಇರಬೇಕೆಂದು ಕೈಯಲ್ಲೊಂದು ಕಬ್ಬಿಣದ ಬೀಗದ ಕೈ ತುರುಕಿದರು. ಭಜನೆ ನಿಂತಿತು. ಭಾವ ಎದ್ದು ಕೂತು ಲೆನ್ಸು ಒರೆಸಿಕೊಳ್ಳುತ್ತ, ನಿಲ್ಲಿಸಬೇಡಿ, ಬೆಳಕು ಚೆನ್ನಾಗಿದೆ ಅಂದರು. ಆ ಬೀಗದ ಕೈ ಯಾರದೆಂದು ತಿಳಿಯದೆ ಇವತ್ತಿಗೂ ಅಕ್ಕನ ಮನೆಯ ಮೊಳೆಯಲ್ಲಿ ನೇತಾಡುತ್ತಿದೆ.

ಇದಾದರೂ ಪರವಾಗಿಲ್ಲ. ನನ್ನ ಮದುವೆಯ ಕತೆ ಕೇಳಿ. ಹೆಣ್ಣಿನವರು ರಾಮನಗುಳಿಯವರು. ಮನೆಯಲ್ಲೇ ಫೋಟೋಗ್ರಾಫರ್ ಇರುವಾಗ ಬೇರೆಯವರು ಯಾಕೆ ಎಂದು ನಮ್ಮ ಅಪ್ಪ ಭಾವನಿಗೇ ವಹಿಸಿದರು. ಪುರೋಹಿತರು ಕೈಯೆತ್ತಿ ಗಟ್ಟಿಮೇಳ ಎಂದರು. ಆ ಕ್ಷಣಕ್ಕೆ ಲೋಕದ ಎಲ್ಲ ಫೋಟೋಗ್ರಾಫರುಗಳೂ ಎಲ್ಲಿ ನೋಡುತ್ತಾರೆ? ತಾಳಿ ನೋಡುತ್ತಾರೆ. ನಮ್ಮ ಭಾವ ಗಟ್ಟಿಮೇಳ ಕೇಳಿದ ಕೂಡಲೇ ಗರಕ್ಕನೆ ತಿರುಗಿ ವಾದ್ಯದವರನ್ನು ನೋಡಿದರು. ಆಲ್ಬಮ್ ಬಂತು. ಮಾಂಗಲ್ಯಧಾರಣೆಯ ಪುಟದಲ್ಲಿ ಡೋಲಿನವನು ಕಣ್ಣು ಮುಚ್ಚಿ, ಕುತ್ತಿಗೆಯ ನರ ಉಬ್ಬಿಸಿ ಬಾರಿಸುತ್ತಿದ್ದಾನೆ. ಅಪ್ರತಿಮ ಫೋಟೋ! ಅವನ ಮನೆಯಲ್ಲಿ ಅದಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದಾರಂತೆ. ನನ್ನ ಹೆಂಡತಿ ಮಾತ್ರ, ಜಗಳ ಬಂದಾಗಲೆಲ್ಲ, ನೀವು ತಾಳಿ ಕಟ್ಟಿದ್ದಕ್ಕೆ ಸಾಕ್ಷಿ ಎಲ್ಲಿ ಎಂದು ಕೇಳುತ್ತಾಳೆ.

ಇನ್ನು ಅಂಗಿಯ ವಿಷಯ. ಅಂಕೋಲೆಯಲ್ಲಿ ಗಣಪತಿ ಹಬ್ಬದ ರಸಮಂಜರಿ. ವೇದಿಕೆ ಹತ್ತಿ ಗಾಯಕಿಯನ್ನು ನೋಡುತ್ತ ನೋಡುತ್ತ ಭಾವ ಒಂದೊಂದೇ ಹೆಜ್ಜೆ ಹಿಂದೆ ಸರಿದರು. ವೇದಿಕೆ ಮುಗಿಯಿತು, ಅವರು ಸರಿಯುವುದು ಮುಗಿಯಲಿಲ್ಲ. ಕೆಳಗೆ ಜನರೇಟರ್ ಪಕ್ಕ ಚಾ ಕುಡಿಯುತ್ತ ಕೂತಿದ್ದವನ ಮೇಲೆ ಬಿದ್ದರು. ಕಾಲಿಗೆ ಪ್ಲಾಸ್ಟರ್ ಬಂತು. ಕ್ಯಾಮರಾಕ್ಕೆ ಒಂದು ಗೀರೂ ಬೀಳಲಿಲ್ಲ, ಕೈಯೆತ್ತಿ ಹಿಡಿದುಕೊಂಡೇ ಬಿದ್ದಿದ್ದರು.

ಅಂದಿನಿಂದ ಅಕ್ಕನಿಗೆ ಹೊಸ ಕೆಲಸ ಬಿತ್ತು. ಭಾವ ಎಲ್ಲಿ ಫೋಟೋ ತೆಗೆಯಲು ನಿಂತರೂ ಅವರ ಹಿಂದೆ ನಿಂತು ಅಂಗಿಯ ತುದಿ ಹಿಡಿದುಕೊಳ್ಳುವುದು. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಇಡೀ ದಿನ ನಿಂತೇ ಮಾಡುವ ಕೆಲಸ. ಅದು ಮುಗಿಸಿ, ಅಡುಗೆ ಮಾಡಿ, ಡಬ್ಬಿ ಕಟ್ಟಿಕೊಂಡು ಇವರ ಅಂಗಿ ಹಿಡಿಯಲು ಹೊರಡಬೇಕು. ಭಾವನ ಅಂಗಿಗಳೆಲ್ಲ ಮುಂದೆ ಗಿಡ್ಡ, ಹಿಂದೆ ಉದ್ದ ಆಗಿಬಿಟ್ಟಿದ್ದವು. ಗೋವಾದ ರಾಕ್ ಕಾರ್ಯಕ್ರಮದಲ್ಲಿ ಕರಿ ಟೀ ಶರ್ಟು ತೊಟ್ಟು ತಲೆ ಕೊಡವುವ ಹುಡುಗರ ನಡುವೆ ನಮ್ಮಕ್ಕ ಸೀರೆಯುಟ್ಟು, ಒಂದು ಕೈಯಲ್ಲಿ ಡಬ್ಬಿಯ ಚೀಲ, ಇನ್ನೊಂದು ಕೈಯಲ್ಲಿ ಗಂಡನ ಅಂಗಿ ಹಿಡಿದು ನಿಂತಿರುತ್ತಿದ್ದಳು. ಒಬ್ಬ ಹುಡುಗ ಅವಳನ್ನು ಭಕ್ತಿಯಿಂದ ನೋಡಿ, ಆಂಟಿ, ನೀವು ಯಾರ ಫ್ಯಾನು ಎಂದು ಕೇಳಿದ.

"ಯಾರದ್ದೂ ಅಲ್ಲ," ಅಂದಳು ಅಕ್ಕ. "ನಾ ಇವ್ರ ಅಂಗಿ ಹಿಡ್ಕೊಳ್ಳೂಕೆ ಬಂದವ್ಳು."

ಕೊನೆಯ ಹಾಡು ಬರುವಷ್ಟರಲ್ಲಿ ಭಾವ ಒಂದು ಕಡೆ ಬೇರುಬಿಟ್ಟು ನಿಲ್ಲುತ್ತಿದ್ದರು. ಇನ್ನು ಬೀಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅಕ್ಕ ಸಿಕ್ಕ ಕುರ್ಚಿಯಲ್ಲಿ ಕೂತು, ಕೂತಲ್ಲೇ ನಿದ್ದೆ. ಪಕ್ಕದಲ್ಲಿ ಆಳೆತ್ತರದ ಸ್ಪೀಕರು ಎದೆ ನಡುಗಿಸುತ್ತಿದ್ದರೂ ಅವಳಿಗೆ ಲೆಕ್ಕವಿಲ್ಲ. ಎಲ್ಲ ಮುಗಿದ ಮೇಲೆ ಭಾವ ಹೋಗಿ ಎಬ್ಬಿಸುತ್ತಿದ್ದರು. ಅಷ್ಟು ಹೊತ್ತು ನಾನು ಕ್ಯಾಮರಾದ ಸ್ಟ್ಯಾಂಡು ಮಡಚುವ ಗಡಿಬಿಡಿಯಲ್ಲಿರುತ್ತಿದ್ದೆ.

ಅಭಿಮಾನವೆಂದರೆ ಭಾವನದು ಬಾಯಿಮಾತಿನದಲ್ಲ. ಒಂದು ಬೇಸಿಗೆಯಲ್ಲಿ ಮಡಗಾಂವಿನ ಬ್ಯಾಂಡಿನವರಿಗೆಂದು ಅಂಕೋಲೆಯಿಂದ ಒಂದು ಬುಟ್ಟಿ ಇಶಾಡು ಮಾವಿನ ಹಣ್ಣು ಒಯ್ದರು. ಬಸ್ಸಿನಲ್ಲಿ ಆ ಬುಟ್ಟಿ ಕೂತಿದ್ದು ನನ್ನ ತೊಡೆಯ ಮೇಲೆ, ಬೇರೆ ಹೇಳಬೇಕೇ? ಡ್ರಮ್ಮಿನ ಹುಡುಗ ಎರಡು ಹಾಡುಗಳ ನಡುವೆ ಹಣ್ಣು ಚೀಪಿ, "ದೇವ್ ಬರೆಂ ಕರೂಂ ಮಾಮಾ" ಎಂದು, ದೇವರು ಒಳ್ಳೆಯದು ಮಾಡಲೆಂದು ಕೊಂಕಣಿಯಲ್ಲಿ ಹರಸಿ, ಕೈ ತೊಳೆಯದೆ ಬಾರಿಸಲು ಕೂತ. ಹಾಡು ರಂಗೇರಿದಾಗ ಅವನ ಕೈಯ ಕೋಲು ಜಾರಿ ಆಕಾಶಕ್ಕೆ ಹಾರಿತು. ಭಾವ ಒತ್ತಿದರು. ಕೋಲು ಗಾಳಿಯಲ್ಲಿ, ಹುಡುಗನ ಬಾಯಿ ತೆರೆದಿದೆ, ಹಿಂದೆ ಕೆಂಪು ಬೆಳಕು. ನೋಡಿದವರೆಲ್ಲ ಆಹಾ, ಎಂಥ ಉನ್ಮಾದ ಎಂದು ತಲೆದೂಗಿದರು. ಅದು ಮಾವಿನ ಹಣ್ಣಿನ ರಸ ಎಂಬುದು ನಮ್ಮ ಮನೆಯವರಿಗೆ ಮಾತ್ರ ಗೊತ್ತು.

ಇಷ್ಟೆಲ್ಲ ಉದಾರಿಯಾದ ಮನುಷ್ಯ ಒಂದು ವಿಷಯದಲ್ಲಿ ಮಹಾ ಜಿಪುಣ. ರೋಲಿನ ಕೊನೆಯ ಫೋಟೋವನ್ನು ಯಾರಿಗೂ ಕೊಡುತ್ತಿರಲಿಲ್ಲ. ಒಮ್ಮೆ ಮುಖ್ಯ ಅತಿಥಿಗಳು ಹಾರ ಹಾಕಿಸಿಕೊಂಡು, ಗಾಯಕರನ್ನು ಎರಡೂ ಬದಿಗೆ ನಿಲ್ಲಿಸಿಕೊಂಡು, ಹಲ್ಲು ಬಿಟ್ಟು ಕಾದರು. ಭಾವ ಕ್ಯಾಮರಾ ಎತ್ತಲಿಲ್ಲ. ಒಂದೇ ಉಳಿದಿದೆ, ಆಗುವುದಿಲ್ಲ ಎಂದರು. ಅದು ಯಾರಿಗೆ ಎಂದು ಅತಿಥಿಗಳು ಗದರಿದರೆ ಕ್ಯಾಮರಾ ಬಗಲಿಗೆ ಹಾಕಿಕೊಂಡು ಅಲ್ಲಿಂದ ಸರಿದುಹೋದರು. ಅತಿಥಿಗಳ ಕ್ಷಮೆ ಕೇಳಿದವನು ನಾನು.

ಅಕ್ಕನಿಗೆ ಒಂದೇ ಒಂದು ಆಸೆಯಿತ್ತು. ಇವರ ಕೈಯಿಂದ ತನ್ನದೊಂದು ಫೋಟೋ. ಮದುವೆಯಾದ ಮೇಲೆ ಒಂದೂ ತೆಗೆದಿರಲಿಲ್ಲ. ಕೇಳಿದರೆ, ನೀನು ಹಾಡುವುದಿಲ್ಲವಲ್ಲ ಎಂದು ನಗೆಯಾಡುತ್ತಿದ್ದರು. ರೇಶನ್ ಕಾರ್ಡಿಗೆ ಫೋಟೋ ಬೇಕಾದಾಗ ಅವಳನ್ನು ಬಜಾರಿನ ಸ್ಟುಡಿಯೋಕ್ಕೆ ಕಳಿಸಿದ ಮಹಾನುಭಾವ ಇವರು! ಅಕ್ಕ ಮೊದಮೊದಲು ನಕ್ಕಳು, ಆಮೇಲೆ ಬೈದಳು, ಆಮೇಲೆ ಕೇಳುವುದನ್ನೇ ಬಿಟ್ಟಳು. ಒಂದು ದಿನ ಬಟ್ಟೆ ಮಡಚುತ್ತ ನನಗೆ ಹೇಳಿದಳು, "ಅವ್ರಿಗೆ ನಾ ಕಾಣೂದೇ ಇಲ್ಲ ತಮ್ಮಾ. ಹಿಂದೆ ನಿಂತವ್ಳು ಹ್ಯಾಗೆ ಕಾಣ್ತಾಳೆ ಹೇಳು."

ಅಷ್ಟರಲ್ಲಿ ಡಿಜಿಟಲ್ ಕಾಲ ಬಂತು. ಊರ ಸ್ಟುಡಿಯೋಗಳೆಲ್ಲ ರೋಲು ತೊಳೆಯುವುದನ್ನು ಒಂದೊಂದಾಗಿ ನಿಲ್ಲಿಸಿದವು. ಅಕ್ಕ ತನ್ನ ಸಂಬಳದಲ್ಲಿ ಉಳಿಸಿ ಉಳಿಸಿ ಭಾವನಿಗೊಂದು ಡಿಜಿಟಲ್ ಕ್ಯಾಮರಾ ತಂದಳು. ಭಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಎಷ್ಟು ಫೋಟೋ ಬರುತ್ತದೆ ಎಂದು ವಿಚಾರಿಸಿದರು. ಬೇಕಾದಷ್ಟು, ಮುಗಿಯುವುದೇ ಇಲ್ಲ ಎಂದೆ ನಾನು. ಅವರು ಅದನ್ನು ಮೆಲ್ಲಗೆ ಪೆಟ್ಟಿಗೆಯೊಳಗಿಟ್ಟರು.

"ಇದ್ರಲ್ಲಿ ಕೊನೇದು ಅಂತ ಇಲ್ಲ," ಅಂದರು. "ನಂಗೆ ಬೇಡ."

ಇಂಥ ಮಾತಿಗೆ ಯಾರಿಗೆ ತಾನೇ ಸಿಟ್ಟು ಬಾರದು? ಅಕ್ಕ ಕೂಗಾಡಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. "ನನ್ನ ಫೋಟೋನೂ ಬೇಡ, ನಾ ತಂದ ಕ್ಯಾಮರಾನೂ ಬೇಡ. ಇನ್ನು ನಿಮ್ಮ ಅಂಗಿ ನಾ ಹಿಡಿಯೂದಿಲ್ಲ," ಎಂದು ಹೇಳಿ ಒಳಗೆ ಹೋದಳು.

ಮರುವಾರವೇ ಕಾರವಾರದ ಕಡಲ ತೀರದಲ್ಲಿ ಗೋವಾದ ದೊಡ್ಡ ಬ್ಯಾಂಡು. ಭಾವ ವರ್ಷಗಟ್ಟಲೆ ಕಾದ ಕಾರ್ಯಕ್ರಮ. ಅಕ್ಕ ಬರಲಿಲ್ಲ. ಅಂಗಿ ನನ್ನ ಪಾಲಿಗೆ ಬಂತು. ಮರಳಿನಲ್ಲಿ ನಿಂತು, ಒಬ್ಬ ಗಂಡಸಿನ ಅಂಗಿಯ ತುದಿ ಹಿಡಿದು, ಕಿವಿಯಲ್ಲಿ ಹತ್ತಿ ತುರುಕಿಕೊಂಡ ನನ್ನ ಅವಸ್ಥೆ ಯಾರಿಗೂ ಬೇಡ. ಭಾವ ಮಾತ್ರ ಎಂದಿನಂತೆ ಕೂತು ಎದ್ದು ಬಾಗಿ ತೆಗೆದರು. ಕೊನೆಯ ಹಾಡು ಮುಗಿಯಿತು. ಕ್ಯಾಮರಾದಲ್ಲಿ ಒಂದು ಉಳಿದಿತ್ತು. ಭಾವ ತಿರುಗಿ ಕುರ್ಚಿಗಳ ಕಡೆ ನಡೆದರು. ಸಾಲು ಸಾಲು ಖಾಲಿ ಕುರ್ಚಿಗಳ ನಡುವೆ ಒಂದು ಸುತ್ತು ಹಾಕಿ, ಕ್ಯಾಮರಾಕ್ಕೆ ಮುಚ್ಚಳ ಹಾಕಿ, ನಡಿ ಮಾರಾಯ, ಹೋಗುವಾ ಎಂದರು.

ಆ ರೋಲನ್ನು ಅವರು ತೊಳೆಯಲು ಕೊಡಲೇ ಇಲ್ಲ. ಒಂದು ಉಳಿದಿದೆಯಂತೆ! ನಾನಿರುವ ಅಂಕೋಲೆಯಲ್ಲಿ ಅವರ ರೋಲುಗಳನ್ನೆಲ್ಲ ತೊಳೆದುಕೊಟ್ಟ ಸ್ಟುಡಿಯೋದ ಮುದುಕರು, ತಿಂಗಳ ಕೊನೆಗೆ ನಾವೂ ನಿಲ್ಲಿಸುತ್ತೇವೆ, ಇದ್ದರೆ ತಂದುಕೊಡಲಿ ಎಂದು ನನ್ನನ್ನು ಕರೆಸಿ ಹೇಳಿದರು. ನಾನು ಬೇಸತ್ತು, ಒಂದು ಫೋಟೋಕ್ಕಾಗಿ ಇಡೀ ರೋಲು ಕೊಳೆಸುವವರನ್ನು ಎಲ್ಲಾದರೂ ಕಂಡಿದ್ದೀರಾ ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

"ಕೊನೇದು ನಿಮ್ಮ ಅಕ್ಕೋರದ್ದಲ್ದಾ?" ಅಂದರು. "ಯಾವಾಗ್ಲೂ ಅವ್ರದ್ದೇ. ಪ್ರಿಂಟು ಹಾಕ್ಬೇಡಿ, ಹಾಗೇ ಇಡಿ ಅಂತ ನಿಮ್ಮ ಭಾವ ಹೇಳಿದ್ರು."

ಹಳೆಯ ಬಿಸ್ಕಿಟ್ ಡಬ್ಬಿಯೊಂದನ್ನು ತಂದು ಮುಂದಿಟ್ಟರು. ತುಂಬ ನೆಗೆಟಿವ್ ಪಟ್ಟಿಗಳು. ಒಂದನ್ನು ಬೆಳಕಿಗೆ ಹಿಡಿದೆ. ಗಿಟಾರಿನವರು, ಡ್ರಮ್ಮಿನವರು, ಮತ್ತೆ ಗಿಟಾರಿನವರು, ಕೊನೆಯಲ್ಲಿ ಕುರ್ಚಿಯ ಮೇಲೆ ನಿದ್ದೆ ಹೋದ ನಮ್ಮಕ್ಕ. ಇನ್ನೊಂದು ಹಿಡಿದೆ. ಭಜನೆಯವರು, ತಬಲಾದವರು, ಕೊನೆಯಲ್ಲಿ ಕಂಬಕ್ಕೊರಗಿ ನಿದ್ದೆ ಹೋದ ಅಕ್ಕ. ನನ್ನ ಮದುವೆಯದೂ ಇತ್ತು. ಡೋಲಿನವನ ಪಟ್ಟಿಯ ತುದಿಯಲ್ಲಿ, ಊಟದ ಪಂಕ್ತಿಯೆಲ್ಲ ಎದ್ದ ಮೇಲೆ ಗೋಡೆಗೊರಗಿ ಕಣ್ಣು ಮುಚ್ಚಿದ ಅಕ್ಕ. ನೆಗೆಟಿವ್‌ನಲ್ಲಿ ಕಪ್ಪು ಕೂದಲು ಬೆಳ್ಳಗೆ ಕಾಣುತ್ತದಲ್ಲ, ಹರೆಯದ ಅಕ್ಕನ ತಲೆಯೆಲ್ಲ ಹಣ್ಣಾಗಿತ್ತು. ಡಬ್ಬಿ ತೆಗೆದುಕೊಂಡು ಸಿಕ್ಕ ಬಸ್ಸಿನಲ್ಲಿ ಕಾರವಾರಕ್ಕೆ ಹೋದೆ.

ಅಕ್ಕ ಒಂದೊಂದೇ ಪಟ್ಟಿಯನ್ನು ಕಿಟಕಿಗೆ ಹಿಡಿದು ನೋಡಿದಳು. ಆಮೇಲೆ, ಎಲ್ಲದರಲ್ಲೂ ಬಾಯಿ ತೆರೆದೇ ಇದೆ, ಒಂದರಲ್ಲಾದರೂ ಮುಚ್ಚಿದಾಗ ತೆಗೆಯಬಾರದಿತ್ತಾ ಎಂದು ಗೊಣಗಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಭಾವ ಕಚೇರಿಯಿಂದ ಬರುವ ಹೊತ್ತಿಗೆ ಅವಳು ಆ ಹಳೆಯ ಕ್ಯಾಮರಾವನ್ನು ಜಗುಲಿಯ ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ತಲೆ ವಾಲಿಸಿಕೊಂಡಿದ್ದಳು. ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿದ್ದಳು. ಭಾವ ಅವಳನ್ನು ನೋಡಿದರು, ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. ಕ್ಯಾಮರಾ ಎತ್ತಿ ಕಣ್ಣಿಗೆ ಹಿಡಿದು, ಮತ್ತೆ ಕೆಳಗಿಳಿಸಿದರು.

"ಕಣ್ಣು ಬಿಡು. ನಿಂಗೆ ನಿದ್ದೆ ಬರ್ಲಿಲ್ಲ."

"ನಿಮಗೆ ಹ್ಯಾಗೆ ಗೊತ್ತು?" ಅಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ.

"ನಿದ್ದೆ ಬಂದ್ರೆ ನಿನ್ನ ಬಲಗೈ ಮುಷ್ಟಿ ಕಟ್ಟಿರ್ತದೆ," ಅಂದರು ಭಾವ. "ಅಂಗಿ ಹಿಡ್ಕೊಂಡ ಹಾಗೆ."

ಅಕ್ಕ ಕಣ್ಣು ತೆರೆದು ತನ್ನ ಬಲಗೈಯನ್ನು ನೋಡಿಕೊಂಡಳು. ಅದು ತೊಡೆಯ ಮೇಲೆ ಸಡಿಲವಾಗಿ ಬಿದ್ದಿತ್ತು. ಭಾವ ಪಕ್ಕದ ಕುರ್ಚಿ ಎಳೆದುಕೊಂಡು, ಕ್ಯಾಮರಾ ತೊಡೆಯ ಮೇಲಿಟ್ಟುಕೊಂಡು ಕೂತರು. ನಿದ್ದೆ ಬರಲಿ, ನಾನು ಕಾಯುತ್ತೇನೆ ಎಂದರು. ನನಗೆ ಅಲ್ಲಿ ಇನ್ನೇನು ಕೆಲಸ? ಚಪ್ಪಲಿ ಮೆಟ್ಟಿ ಹೊರಟೆ.

ಆ ರೋಲು ಮುಗಿಯಿತು. ಸ್ಟುಡಿಯೋದ ಮುದುಕರು ತೊಳೆದ ಕೊನೆಯ ರೋಲು ಅದೇ. ಅದರ ಕೊನೆಯ ಫೋಟೋಕ್ಕೆ ಕಟ್ಟು ಹಾಕಿಸಿ ಅಕ್ಕ ಜಗುಲಿಯಲ್ಲೇ ತೂಗುಹಾಕಿದ್ದಾಳೆ. ಅದರಲ್ಲಿ ಅಕ್ಕ ಇಲ್ಲ. ಅವಳಿಗೆ ನಿದ್ದೆ ಬರಲಿ ಎಂದು ಕಾಯುತ್ತ ಕೂತಲ್ಲೇ ತಲೆ ವಾಲಿಸಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿರುವ ನಮ್ಮ ಭಾವ ಇದ್ದಾರೆ. ಫೋಟೋ ತುಸು ಅಲುಗಿದೆ. ಅಷ್ಟು ಭಾರದ ಕ್ಯಾಮರಾವನ್ನು ಒಂದೇ ಕೈಯಲ್ಲಿ ಹಿಡಿದರೆ ಅಲುಗದೆ ಇರುತ್ತದೆಯೇ? ಚೌಕಟ್ಟಿನ ಅಂಚಿನಲ್ಲಿ ಅವಳ ಇನ್ನೊಂದು ಕೈ ಕಾಣುತ್ತದೆ, ಭಾವನ ಅಂಗಿಯ ತುದಿಯನ್ನು ಹಿಡಿದುಕೊಂಡಿದೆ.